ಗುರಿ ಮುಟ್ಟಿದ ಮೇಲಿನ ಹನ್ನೆರಡು ಮೀಟರ್

ಜನವರಿ 6, ಸೋಮವಾರ

ಇನ್ನೂರ ಎಪ್ಪತ್ತು ಮೀಟರ್. ಆರು ನಿಮಿಷಕ್ಕೆ ಬರೀ ಇನ್ನೂರ ಎಪ್ಪತ್ತು! ನಮ್ಮ ಶಾಲೆಯಲ್ಲಿ ಕಾಲು ಉಳುಕಿಸಿಕೊಂಡ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಶೂ ಹಿಡಿದುಕೊಂಡು ಇದಕ್ಕಿಂತ ಹೆಚ್ಚು ನಡೆದಿದ್ದಳು. ಮೂವತ್ತೊಂದು ವರ್ಷ ಬೇರೆಯವರ ಮಕ್ಕಳನ್ನು ಓಡಿಸಿದ ಡ್ರಿಲ್ ಮೇಷ್ಟ್ರು ನಾನು. ಇವತ್ತು ಆಸ್ಪತ್ರೆಯ ಗೋಡೆ ಹಿಡಿದುಕೊಂಡು ನಿಂತು ಬಾಯಲ್ಲಿ ಉಸಿರು ಬಿಟ್ಟೆ.

ಹೃದಯಾಘಾತವಾಗಿ ಬದುಕಿಕೊಂಡವರಿಗೆ ಇಲ್ಲಿ ಹನ್ನೆರಡು ವಾರದ ವ್ಯಾಯಾಮ ಇಟ್ಟಿದ್ದಾರೆ. ದಿನಾ ಬೆಳಗ್ಗೆ ಮನೆಯ ಹತ್ತಿರ ನಡೆಯಬೇಕು, ಸೋಮವಾರ ಸೋಮವಾರ ಬಂದು ಲೆಕ್ಕ ಒಪ್ಪಿಸಬೇಕು. ಪರೀಕ್ಷೆ ಅಂದರೆ ಇಷ್ಟೇ: ಕಾರಿಡಾರಿನಲ್ಲಿ ಮೂವತ್ತು ಮೀಟರ್ ಅಂತರದಲ್ಲಿ ಎರಡು ಕಿತ್ತಳೆ ಬಣ್ಣದ ಶಂಕುಗಳು. ಈ ಶಂಕುವಿನಿಂದ ಆ ಶಂಕುವಿಗೆ, ಅಲ್ಲಿಂದ ವಾಪಸು ಇಲ್ಲಿಗೆ, ಆರು ನಿಮಿಷ. ಓಡಬಾರದು, ಮಾತಾಡಬಾರದು. ನೀವು ನಿಂತರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಅದನ್ನು ನೋಡಿಕೊಳ್ಳುವವಳು ಒಬ್ಬ ತರಬೇತಿಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರಿಗಿಂತ ಚಿಕ್ಕವಳು. "ಸುಸ್ತಾದ್ರೆ ಹೇಳಿ ಅಂಕಲ್" ಅಂದಳು. ಅಂಕಲ್ ಅಂತೆ.

ಮಾರ್ಚ್ 31ಕ್ಕೆ ಕೊನೆಯ ಪರೀಕ್ಷೆ. ನಾನೂರೈವತ್ತು ಮೀಟರ್ ಮುಟ್ಟಿದರೆ ಮೈದಾನಕ್ಕಿಳಿಯಬಹುದು ಅಂತ ಡಾಕ್ಟರು ಪತ್ರ ಕೊಡುತ್ತಾರೆ. ಮುಟ್ಟದಿದ್ದರೆ ನಿವೃತ್ತಿಯವರೆಗೆ ಉಗ್ರಾಣದಲ್ಲಿ ಕೂತು ಚೆಂಡುಗಳಿಗೆ ಗಾಳಿ ತುಂಬಿಸಿಕೊಂಡಿರಿ ಅಂತ ಮುಖ್ಯೋಪಾಧ್ಯಾಯಿನಿ ನಗುನಗುತ್ತಲೇ ಹೇಳಿದ್ದಾರೆ. ಇನ್ನೂ ನಾಲ್ಕು ವರ್ಷ ಇದೆ. ಅದಕ್ಕಿಂತ ಎರಡನೇ ಏಟು ಬಿದ್ದು ಹೋಗುವುದೇ ವಾಸಿ.

ಕಾರಿಡಾರಿನ ಗೋಡೆಯ ಮೇಲೆ ಒಂದು ಫಲಕ ಇದೆ: "ಹೃದ್ರೋಗಿಗಳಲ್ಲಿ ದೇಹದ ಕಸುವು ಹೆಚ್ಚಿದಷ್ಟೂ ಆಯಸ್ಸು ಹೆಚ್ಚು." ಇದನ್ನೇ ನಾನು ಮೂವತ್ತೊಂದು ವರ್ಷದಿಂದ ಗಂಟಲು ಹರಿದುಕೊಂಡು ಹೇಳುತ್ತಿದ್ದೇನೆ, ನನಗ್ಯಾರೂ ಫಲಕ ಹಾಕಿಸಲಿಲ್ಲ.

ಈ ಪುಸ್ತಕ ಇವಳು ಹೊಲಿದದ್ದು. ಇವಳು ಅಂದರೆ ಹೆಂಡತಿ. ಬೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಉಳಿಕೆ ಕಾಗದ ಜೋಡಿಸಿ, ದಾರ ಹಾಕಿ, ರಟ್ಟು ಕಟ್ಟಿ ತಂದುಕೊಟ್ಟಳು. "ನಿಮ್ಮ ಸಿಟ್ಟನ್ನೆಲ್ಲ ಇದ್ರಲ್ಲಿ ಬರೀರಿ, ನನ್ನ ಕಿವಿಗೆ ಸ್ವಲ್ಪ ರಜ ಸಿಗ್ಲಿ. ನಾನಂತೂ ಓದಲ್ಲ, ಎಲ್ಲ ಬಾಯಿಪಾಠ ಆಗಿದೆ" ಅಂದಳು.

ಜನವರಿ 9, ಗುರುವಾರ

ಮಣಿಕಟ್ಟಿಗೆ ರಬ್ಬರಿನ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ನಡೆಯುವಾಗ ಕಟ್ಟಿಕೊಂಡಿರಬೇಕು. ಸೋಮವಾರ ಅದನ್ನು ಯಂತ್ರಕ್ಕೆ ಸಿಕ್ಕಿಸಿದರೆ ಎಷ್ಟು ಹೆಜ್ಜೆ ಹಾಕಿದೆವು ಅನ್ನುವುದೆಲ್ಲ ಪರದೆಯ ಮೇಲೆ ಬರುತ್ತದಂತೆ. ಮೂರೇ ದಿನಕ್ಕೆ ನನ್ನ ಚರ್ಮ ಕೆಂಪಾಗಿ ತುರಿಕೆ ಶುರುವಾಯಿತು. ಸೀಟಿ ಹಿಡಿದು ಹೆಜ್ಜೆ ಎಣಿಸುವುದನ್ನು ಆ ಹುಡುಗಿ ಹುಟ್ಟುವ ಮೊದಲಿನಿಂದ ಮಾಡುತ್ತಿರುವವನಿಗೆ ಈ ಆಟಿಕೆ ಯಾಕೆ? ಬಿಚ್ಚಿ ಇವಳ ಕೈಗೆ ಕಟ್ಟಿದೆ.

"ನನಗ್ಯಾಕ್ರೀ ಇದು?"

"ಇಬ್ರೂ ಒಟ್ಟಿಗೇ ಹೋಗ್ತೀವಿ, ಒಟ್ಟಿಗೇ ಬರ್ತೀವಿ. ಹೆಜ್ಜೆ ಯಾರದ್ದಾದ್ರೇನು, ಲೆಕ್ಕ ಒಂದೇ."

"ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಕೈಗೊಂದು ತೊಡಿಸಿದ್ರಿ. ಅದೂ ಆಸ್ಪತ್ರೇದು" ಅಂದಳು. ನಾಲಿಗೆಗೆ ಮಾತ್ರ ಯಾವ ಕಾಲಕ್ಕೂ ಕಾಯಿಲೆ ಬರುವುದಿಲ್ಲ ಇವಳಿಗೆ.

ಜನವರಿ 19, ಭಾನುವಾರ

ನೀರಿನ ಟ್ಯಾಂಕಿನ ಸುತ್ತ ರಸ್ತೆ ಇದೆ, ಇಪ್ಪತ್ತೆರಡು ದೀಪದ ಕಂಬ. ಒಂದು ಸುತ್ತು ಹಾಕುವುದರೊಳಗೆ ನನ್ನ ಕಾಲು ಹತ್ತಿಯಾಗುತ್ತದೆ. ಇವಳು ಮುಂದೆ, ನಾನು ಹಿಂದೆ. ಪ್ರತಿ ಮೂರನೇ ಕಂಬಕ್ಕೆ ನಿಂತು ಸೊಂಟಕ್ಕೆ ಕೈ ಕೊಟ್ಟು ತಿರುಗಿ ನೋಡುತ್ತಾಳೆ. "ನಿಧಾನ ಬನ್ನಿ, ಬಸ್ಸೇನೂ ಹೊರಟಿಲ್ಲ." ಹಾಲಿನವನು ನೋಡಿ ನಕ್ಕ. ಇದಕ್ಕಿಂತ ಅವಮಾನ ಬೇಕೇ? ಇವಳು ಜೀವಮಾನದಲ್ಲಿ ಒಂದು ಓಟ ಓಡಿದವಳಲ್ಲ.

"ನಿಮ್ಮ ಹೃದಯಕ್ಕೆ ಏಟು ಬಿತ್ತು ಅಂದಾಗ್ಲೇ ನಿಮಗೂ ಒಂದಿದೆ ಅಂತ ನನಗೆ ಗೊತ್ತಾಗಿದ್ದು" ಅಂದಳು ವಾಪಸು ಬರುವಾಗ. ನಗಲಿಲ್ಲ ನಾನು. ಉಸಿರಿರಲಿಲ್ಲ.

ಜನವರಿ 27, ಸೋಮವಾರ

ಇವತ್ತು ಒಂದು ತಮಾಷೆ. ನಮ್ಮ ತಂಡದಲ್ಲಿ ಒಬ್ಬ ದರ್ಜಿ ಇದ್ದ, ಪೀಪಾಯಿಯಂಥ ಮೈ. ಮೂರು ವಾರದಿಂದ ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ ತೋರಿಸುತ್ತಿದ್ದ. ತೂಕ ಮಾತ್ರ ಹಾಗೇ ಇತ್ತು. ಹುಡುಗಿ ಕೂರಿಸಿಕೊಂಡು ಕೇಳಿದಳು. ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದನಂತೆ! ಡಾಕ್ಟರು ಅಲ್ಲೇ ಅವನ ಹೆಸರು ಹೊಡೆದು ಹಾಕಿದರು. "ಮೋಸ ಮಾಡಿದವ್ರಿಗೆ ಪತ್ರವೂ ಇಲ್ಲ, ಪರೀಕ್ಷೆಯೂ ಇಲ್ಲ."

ದರ್ಜಿ ಹೊರಗೆ ಹೋಗುವಾಗ ನನ್ನ ಹೆಂಡತಿಯ ಕೈಯಲ್ಲಿದ್ದ ಚೀಲವನ್ನೇ ನೋಡಿದ. ಪಟ್ಟಿ ಅದರಲ್ಲಿತ್ತು. ಅವನಿಗೇನೂ ಗೊತ್ತಿರಲಿಕ್ಕಿಲ್ಲ. ನಾನು ಮಾಡಿರುವುದು ಮೋಸವಲ್ಲ. ನಾನು ನಿಜವಾಗಿ ನಡೆಯುತ್ತೇನೆ.

ಫೆಬ್ರವರಿ 5, ಬುಧವಾರ

ಹಿಂದೆ ಹಾಕಿದೆ! ಹದಿನಾಲ್ಕನೇ ಕಂಬದ ಹತ್ತಿರ ಇವಳನ್ನು ಹಿಂದೆ ಹಾಕಿದೆ. ಇಪ್ಪತ್ತೆರಡನೆಯದಕ್ಕೆ ಬಂದು ತಿರುಗಿದರೆ ಇವಳಿನ್ನೂ ಹದಿನೆಂಟರಲ್ಲಿ ನಿಂತಿದ್ದಾಳೆ, ಕಂಬಕ್ಕೆ ಭುಜ ಕೊಟ್ಟು. ನಾನೂ ಸೊಂಟಕ್ಕೆ ಕೈ ಕೊಟ್ಟೆ. "ನಿಧಾನ ಬಾ, ಬಸ್ಸೇನೂ ಹೊರಟಿಲ್ಲ!" ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದೆ ಈ ಮಾತನ್ನು.

"ಎಡಗೈ ಸೆಳೀತಿದೆ" ಅಂದಳು. ಅಂಗಡಿಯಲ್ಲಿ ರಟ್ಟು ಒತ್ತುವ ತಿರುಪು ತಿರುಗಿಸಿ ತಿರುಗಿಸಿ ಹಾಗಾಗಿದೆಯಂತೆ. ತಿರುಪು ತಿರುಗಿಸುವುದು ಬಲಗೈಯಲ್ಲಿ. ನಾನೇನು ನೋಡಿಲ್ಲವೇ?

ಮಕ್ಕಳ ನೆಪಗಳಿಗೆ ನಾನು ನಂಬರು ಕೊಟ್ಟಿದ್ದೇನೆ, ಒಟ್ಟು ಹದಿನಾಲ್ಕು. ಹೊಟ್ಟೆನೋವು ಒಂದನೆಯದು, ಶೂ ಕಚ್ಚುತ್ತೆ ನಾಲ್ಕನೆಯದು, ಕೈಕಾಲು ಸೆಳೆತ ಆರನೆಯದು. ಮಗು ಬಾಯಿ ತೆರೆಯುವುದರೊಳಗೆ ನಾನು "ಆರು!" ಅಂತ ಕೂಗುತ್ತಿದ್ದೆ, ಇಡೀ ಮೈದಾನ ನಗುತ್ತಿತ್ತು, ಮಗು ಓಡುತ್ತಿತ್ತು. ಒಬ್ಬರೂ ಸತ್ತಿಲ್ಲ. ಇವಳಿಗೂ "ಆರು" ಅಂದೆ. ನಕ್ಕು ನಡೆದಳು.

ಫೆಬ್ರವರಿ 10, ಸೋಮವಾರ

ಹುಡುಗಿ ಪರದೆ ನೋಡುತ್ತ ಪೆನ್ನು ಕಚ್ಚಿದಳು. "ಅಂಕಲ್, ಹೆಜ್ಜೆ ಪರವಾಗಿಲ್ಲ. ಆದ್ರೆ ನಡೆದು ನಿಂತ ಮೇಲೂ ನಿಮ್ಮ ನಾಡಿ ಇಳೀತಾನೇ ಇಲ್ಲ. ನಡುನಡುವೆ ತಪ್ಪಿ ತಪ್ಪಿ ಹೊಡೀತಿದೆ. ಎದೆ, ದವಡೆ, ಕೈ ಎಲ್ಲಾದ್ರೂ ನೋವು ಬರುತ್ತಾ?"

ಆ ದರಿದ್ರ ಪಟ್ಟಿ ನಾಡಿಯನ್ನೂ ಬರೆದುಕೊಳ್ಳುತ್ತದೆ ಅಂತ ನನಗೇನು ಗೊತ್ತು? ಇಲ್ಲ ಅಂದೆ. ಡಾಕ್ಟರು ಬಂದು ನೋಡಿದರು. ಇಲ್ಲಿ ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದೆ, ನಡೆಯುವಾಗ ಮಾತ್ರ ಹೀಗೆ ಅಂತ ಗೊಣಗಿ, ನಾಡಿ ಇಳಿಸುವ ಮಾತ್ರೆಯನ್ನು ಎರಡು ಪಟ್ಟು ಮಾಡಿದರು. ಇವಳು ಹೊರಗಿನ ಬೆಂಚಿನಲ್ಲಿ ಕೂತಿದ್ದಳು, ಏನೂ ಕೇಳಿಸಿಕೊಳ್ಳಲಿಲ್ಲ.

ಫೆಬ್ರವರಿ 14, ಶುಕ್ರವಾರ

ಬೆಳಗ್ಗೆ ಹಾಸಿಗೆಯಿಂದ ಎದ್ದವನು ಹಾಗೇ ನೆಲಕ್ಕೆ ಕೂತೆ. ಕಣ್ಣು ಕತ್ತಲೆ. ಕುತ್ತಿಗೆಗೆ ಬೆರಳಿಟ್ಟು ಎಣಿಸಿದರೆ ನಿಮಿಷಕ್ಕೆ ನಲವತ್ತಾರು. ನನ್ನ ನಾಡಿ ಮೊದಲೇ ಸರಿಯಾಗಿತ್ತು, ಈಗ ಮಾತ್ರೆ ಅದನ್ನು ತುಳಿಯುತ್ತಿದೆ.

ಅಂದಮೇಲೆ ಕೆಟ್ಟಿರುವ ನಾಡಿ ಯಾರದ್ದು ಅಂತ ಯೋಚಿಸಲು ನಾನು ಡಾಕ್ಟರಾಗಬೇಕಿಲ್ಲ.

ಇವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದೆ. ಚೆನ್ನಾಗಿಯೇ ಇದ್ದಳು. ತೇಗಿದಳು, ನೀರು ಕುಡಿದಳು, ಮತ್ತೆ ತೊಳೆದಳು.

ಫೆಬ್ರವರಿ 15, ಶನಿವಾರ

ನಿನ್ನೆಯೆಲ್ಲ ಯೋಚಿಸಿದೆ. ಆಸ್ಪತ್ರೆಯಲ್ಲಿ ಹೇಳಿದರೆ ದರ್ಜಿಯ ಗತಿಯೇ ನನಗೂ. ಆರು ವಾರದ ಬೆವರು ನೀರುಪಾಲು, ಆಮೇಲೆ ಉಗ್ರಾಣ. ಮತ್ತೆ ಹೇಳಬೇಕಾದದ್ದಾದರೂ ಏನು? ಹೃದಯದ ನೋವು ಹೇಗಿರುತ್ತದೆ ಅಂತ ನನಗೆ ಗೊತ್ತು. ಎದೆಯ ಮೇಲೆ ಕಲ್ಲು ಹೇರಿದ ಹಾಗೆ, ಬೆವರು ಸುರಿದು, ಸಾವು ಎದುರಿಗೆ ಬಂದು ನಿಂತ ಹಾಗೆ. ತೇಗಿ ನೀರು ಕುಡಿದು ಪಾತ್ರೆ ತೊಳೆಯುವವರಿಗೆ ಅದು ಬಂದಿರುವುದಿಲ್ಲ.

ಇವಳದ್ದು ಬರೀ ಕಸುವಿಲ್ಲದ ಮೈ. ಐವತ್ತಮೂರು ವಯಸ್ಸಾಗುವವರೆಗೂ ಸೂಜಿ ದಾರ ಹಿಡಿದು ಕೂತರೆ ನಾಡಿ ಇನ್ನು ಹೇಗಿರುತ್ತದೆ? ಅದಕ್ಕೆ ಮದ್ದು ಆ ಫಲಕದಲ್ಲೇ ಇದೆ. ನಾನು ಪಾಠ ಮಾಡಿಯೇ ಬದುಕಿದವನು. ಮನೆಯಲ್ಲೇ ಒಬ್ಬ ವಿದ್ಯಾರ್ಥಿ ಸಿಕ್ಕಿದಂತಾಯಿತು.

ತೀರ್ಮಾನ: ಮಾತ್ರೆ ಅರ್ಧ ಮುರಿದು ನುಂಗುವುದು. ಬಟ್ಟೆ ಸುತ್ತಿ ಪಟ್ಟಿಯನ್ನು ನಾನೇ ಕಟ್ಟಿಕೊಳ್ಳುವುದು. ಇವಳಿಗೆ ಟ್ಯಾಂಕಿನ ಸುತ್ತು ಎರಡರಿಂದ ಮೂರಕ್ಕೆ.

"ನನಗ್ಯಾಕ್ರೀ ಮೂರು ಸುತ್ತು? ಕಾಯಿಲೆ ಬಿದ್ದೋರು ನೀವು."

"ಬೀಳ್ಬಾರ್ದು ಅಂತಲೇ" ಅಂದೆ. ಎಷ್ಟು ಒಳ್ಳೆಯ ಮಾತು. ಪ್ರೀತಿಯಿಂದಲೇ ಹೇಳಿದೆ.

ಫೆಬ್ರವರಿ 24, ಸೋಮವಾರ

"ಮಾತ್ರೆ ಚೆನ್ನಾಗಿ ಹಿಡೀತು ಅಂಕಲ್! ನಾಡಿ ಎಷ್ಟು ಚೆನ್ನಾಗಿ ಇಳೀತಿದೆ ನೋಡಿ" ಅಂದಳು ಹುಡುಗಿ. ನಾನೂ ತಲೆಯಾಡಿಸಿದೆ. ಅಳತೆ ಮುನ್ನೂರ ಎಂಬತ್ತು.

ಮಾರ್ಚ್ 2, ಭಾನುವಾರ

ನಾದಿನಿ ಬಂದಿದ್ದಳು. ಇವಳ ತಂಗಿ, ಹೆಂಗಸರಿಗೆ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅಲ್ಲಿ ದಿನಕ್ಕಿಪ್ಪತ್ತು ತಲೆ ಸಿಗುವುದರಿಂದ ಲೋಕದ ಕಾಯಿಲೆಗಳೆಲ್ಲ ಅವಳಿಗೆ ಗೊತ್ತು.

"ಭಾವ, ಅಕ್ಕನ ಮುಖ ನೋಡಿದ್ದೀರಾ? ಬೂದಿ ಬಣ್ಣಕ್ಕೆ ತಿರುಗಿದೆ. ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷ ಮಾತೇ ಆಡ್ಲಿಲ್ಲ. ನಾಳೆ ಹೇಗೂ ಆಸ್ಪತ್ರೆಗೆ ಹೋಗ್ತೀರಲ್ಲ, ಒಂದ್ಸಲ ತೋರಿಸ್ಬಾರ್ದಾ?"

"ಹತ್ತು ನಿಮಿಷ ಮಾತಾಡ್ಲಿಲ್ವಾ? ಅದಕ್ಕೆ ಔಷಧಿ ಯಾಕೆ, ಇನ್ನಷ್ಟು ಮೆಟ್ಟಿಲು ಹತ್ತಿಸೋಣ."

ಇವಳೇ ಮೊದಲು ನಕ್ಕಳು. ನಾದಿನಿ ನಗಲಿಲ್ಲ. "ಮಾತಿಗೇನು ಕಡಿಮೆ ಇಲ್ಲ ನಿಮಗೆ" ಅಂದು ಚೀಲ ಎತ್ತಿಕೊಂಡು ಹೋದಳು. ಹೋಗಲಿ. ಮೆಟ್ಟಿಲಿನ ಉಪಾಯ ಮಾತ್ರ ನಿಜಕ್ಕೂ ಚೆನ್ನಾಗಿದೆ. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ, ಐವತ್ತನಾಲ್ಕು ಮೆಟ್ಟಿಲು.

ಮಾರ್ಚ್ 10, ಸೋಮವಾರ

ನಾನೂರ ಹತ್ತು!

ಮಾರ್ಚ್ 18, ಮಂಗಳವಾರ

ನಡಿಗೆ ಮುಗಿದ ಮೇಲೆ ಮೆಟ್ಟಿಲು ಮೂರು ಸಲ. ನಾನು ಮೂರೂ ಮುಗಿಸಿ ಬಾಗಿಲಲ್ಲಿ ನಿಂತಿದ್ದೇನೆ, ಇವಳು ಎರಡನೆಯ ಸಲಕ್ಕೇ ಮೂವತ್ತೇಳನೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ. ಕೈಯಲ್ಲಿ ಕಂಬಿ. ನಾನು ಮೇಲಿಂದ ಸೀಟಿ ಊದಿದೆ. ಎಷ್ಟೋ ತಿಂಗಳ ಮೇಲೆ ಊದಿದ್ದು; ಮೆಟ್ಟಿಲ ಗೂಡಿನಲ್ಲಿ ಎಷ್ಟು ಜೋರಾಗಿ ಕೇಳಿತೆಂದರೆ ಎರಡನೇ ಮಹಡಿಯ ಮುದುಕ ಬಾಗಿಲು ತೆಗೆದು ನೋಡಿದ. ನನ್ನ ಉಸಿರು ಪೂರ್ತಿ ವಾಪಸು ಬಂದಿದೆ.

"ಒಂದ್ನಿಮಿಷ ರೀ" ಅಂದಳು.

"ಹನ್ನೊಂದು" ಅಂದೆ. ಹನ್ನೊಂದನೆಯದು 'ಒಂದ್ನಿಮಿಷ ಸಾರ್'.

ಮುದುಕ ಇವಳ ಕಡೆ ನೋಡಿ "ಏನಮ್ಮಾ, ನೀರು ಬೇಕಾ?" ಅಂದ. ಬೇಡ ಅಂತ ಕೈಯಾಡಿಸಿದಳು. ಎದ್ದಳು. ಹತ್ತಿದಳು. ಮೂರನೆಯ ಸಲವನ್ನು ನಾನೇ ಮಾಫಿ ಮಾಡಿದೆ. ನಾನೇನು ರಾಕ್ಷಸನಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳ ಪ್ರಕಾರ ಈ ಮೆಟ್ಟಿಲುಗಳನ್ನು ಯಾರೋ ಎತ್ತರ ಮಾಡಿದ್ದಾರೆ.

ಮಾರ್ಚ್ 26, ಬುಧವಾರ

ಎರಡು ದಿನದಿಂದ ದವಡೆ ನೋವಂತೆ. ಹಲ್ಲಿನದು ಅಂದಳು, ಹಲ್ಲಿನದೇ ಅಂದೆ. ಕೆಳಗಿನ ದವಡೆ, ಎಡಗಡೆ. ನಡೆದಾಗ ಬರುತ್ತದೆ, ನಿಂತರೆ ಹೋಗುತ್ತದೆ. ನಡೆದಾಗ ನೋಯುವ ಹಲ್ಲನ್ನು ನಾನು ಇದೇ ಮೊದಲು ಕೇಳಿದ್ದು.

ದವಡೆ. ಹುಡುಗಿ ಏನೋ ಕೇಳಿದ್ದಳು ಅವತ್ತು.

ಬರೆದದ್ದನ್ನು ಮತ್ತೆ ಓದಿದೆ. ಸೋಮವಾರ ಒಂದು ಮುಗಿಯಲಿ. ಪತ್ರ ಕೈಗೆ ಬಂದಮೇಲೆ ಮಂಗಳವಾರವೇ ಕರೆದುಕೊಂಡು ಹೋಗುತ್ತೇನೆ. ಬೇಕಾದರೆ ಪಟ್ಟಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಐದು ದಿನದಲ್ಲಿ ಯಾವ ಪ್ರಪಂಚ ಮುಳುಗುತ್ತದೆ?

ಮಾರ್ಚ್ 30, ಭಾನುವಾರ

"ನಾಳೆ ನೀವೊಬ್ರೇ ಹೋಗ್ಬನ್ನಿ. ನನಗಾಗಲ್ಲ" ಅಂದಳು. ಹನ್ನೆರಡು ವಾರ ಬಂದು ಕೊನೆಯ ದಿನ ಬರುವುದಿಲ್ಲವಂತೆ! ನಾನು ಗೆಲ್ಲುವುದನ್ನು ನೋಡಲು ಇವಳಿಗೆ ಇಷ್ಟವಿಲ್ಲ ಅಷ್ಟೇ. ಹಾಗೇ ಹೇಳಿದೆ. ಆಮೇಲೆ "ಬರ್ತೀನಿ ಬಿಡಿ" ಅಂದು ನನ್ನ ಬಿಳಿ ಶೂಗೆ ಬಣ್ಣ ಹಚ್ಚಲು ಕೂತಳು.

ಮಾರ್ಚ್ 31, ಸೋಮವಾರ

462.

ಅವಳನ್ನು ಒಳಗೆ ಒಯ್ದಿದ್ದಾರೆ.

ಏಪ್ರಿಲ್ 1, ಮಂಗಳವಾರ

ಬರೆಯಲು ಏನೂ ಇಲ್ಲ.

ಏಪ್ರಿಲ್ 3, ಗುರುವಾರ

ಬದುಕಿದ್ದಾಳೆ. ಹೃದಯದ ಮುಂಭಾಗದ ಸ್ನಾಯು ಸತ್ತುಹೋಗಿದೆ, ಉಳಿದದ್ದರಲ್ಲಿ ಇನ್ನು ಬದುಕಬೇಕು ಅಂದರು ಡಾಕ್ಟರು. ಹಿಂದೆ ಏನಾದರೂ ಲಕ್ಷಣ ಇತ್ತಾ ಅಂತ ಕೇಳಿದರು. "ಇಲ್ಲ" ಅಂದೆ. ನಾದಿನಿ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಮುಖವನ್ನೇ ನೋಡಿದಳು, ಆಮೇಲೆ ಡಾಕ್ಟರಿಗೆ ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಬೂದಿ ಮುಖ, ಮೆಟ್ಟಿಲು, ಕೈ. ದವಡೆಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಸೋಮವಾರದ್ದನ್ನು ಬರೆದುಬಿಡುತ್ತೇನೆ. ಬೇರೆ ಯಾರಿಗೂ ಹೇಳುವಂತಿಲ್ಲ.

ಹುಡುಗಿ ಈಚೆಯ ಶಂಕುವಿನ ಹತ್ತಿರ ಗಡಿಯಾರ ಹಿಡಿದು ನಿಂತಿದ್ದಳು. ಇವಳು ಆಚೆಯ ಶಂಕುವಿನ ಹತ್ತಿರದ ಬೆಂಚಿನಲ್ಲಿ ಕೂತಿದ್ದಳು, ಕಂಬದ ಮರೆಯಲ್ಲಿ. ಹುಡುಗಿಗೆ ಕಾಣುತ್ತಿರಲಿಲ್ಲ, ಆ ತುದಿಗೆ ಹೋದ ನನಗೆ ಮಾತ್ರ ಕಾಣುತ್ತಿದ್ದಳು. ನನ್ನ ಚೀಲ, ನೀರಿನ ಸೀಸೆ ಎಲ್ಲ ಅವಳ ತೊಡೆಯ ಮೇಲೆ.

ಹನ್ನೊಂದನೇ ಸಲ ಮೂವತ್ತು ಮೀಟರ್ ಮುಗಿಸಿ ಆ ತುದಿ ಮುಟ್ಟಿದಾಗ ಬಗ್ಗಿ ಕೂತಿದ್ದಳು, ದವಡೆಗೆ ಕೈ ಕೊಟ್ಟು. ಆಗ ನಾಲ್ಕು ನಿಮಿಷ ಹದಿನೇಳು ಸೆಕೆಂಡ್. ನನಗೆ ಗಡಿಯಾರ ನೋಡದೆಯೇ ಹೊತ್ತು ಗೊತ್ತಾಗುತ್ತದೆ, ವೃತ್ತಿಯಿಂದ ಬಂದದ್ದು. ನೆಪ ಅಂದುಕೊಂಡೆ. ಇಲ್ಲ, ಸುಳ್ಳು ಬರೆಯುವುದಿಲ್ಲ. ನೆಪ ಅಂದುಕೊಳ್ಳಲು ಪ್ರಯತ್ನಪಟ್ಟೆ. ತಿರುಗಿದೆ.

ಹದಿಮೂರನೆಯದಕ್ಕೆ ಚೀಲ ನೆಲದ ಮೇಲಿತ್ತು. ಸೀಸೆ ಉರುಳಿ ಶಂಕುವಿಗೆ ತಾಗಿತ್ತು. ಅವಳ ತಲೆ ಗೋಡೆಗೆ ಒರಗಿತ್ತು, ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಬಾಯಿ ಏನೋ ಅಂದಿತು. ಸೀಸೆಯನ್ನು ದಾಟಿ ತಿರುಗಿದೆ.

ಹದಿನೈದನೆಯದಕ್ಕೆ ಅವಳು ಬೆಂಚಿನಿಂದ ಜಾರಿದ್ದಳು. ಐದು ನಿಮಿಷ ಐವತ್ತು. ಹದಿನೈದು ಮೂವತ್ತಲಿ ನಾನೂರೈವತ್ತು, ಗುರಿ ಮುಟ್ಟಿಯಾಗಿತ್ತು. ಅಲ್ಲಿ ನಿಂತಿದ್ದರೂ ಪತ್ರ ನನ್ನದೇ. ಆದರೂ ನಿಲ್ಲಲಿಲ್ಲ. ಅವಳಿಗೆ ಬೆನ್ನು ಹಾಕಿ ಇನ್ನೂ ಹನ್ನೆರಡು ಮೀಟರ್ ನಡೆದೆ. ಆ ಹನ್ನೆರಡು ಮೀಟರ್ ಯಾಕೆ ಅಂತ ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಗಡಿಯಾರ ನಿಂತಿರಲಿಲ್ಲ, ಅದಕ್ಕೆ. ಬೇರೆ ಉತ್ತರ ಇಲ್ಲ.

ಹುಡುಗಿ ಚಪ್ಪಾಳೆ ತಟ್ಟಿದಳು. ಕುರ್ಚಿ ತಂದು ಕೂರಿಸಿದಳು. ಪರೀಕ್ಷೆಯಾದ ಮೇಲೆ ಒಂದು ನಿಮಿಷ ನಾಡಿ ಎಣಿಸಬೇಕು, ಅದು ನಿಯಮ. ಕೈ ಕೊಟ್ಟೆ. ಒಂದು ನಿಮಿಷ ಪೂರ್ತಿ ಕೊಟ್ಟೆ. ಆಮೇಲೆ "ಅಲ್ಲಿ ನನ್ನ ಹೆಂಡತಿ ಸ್ವಲ್ಪ..." ಅಂದೆ.

ಏಪ್ರಿಲ್ 6, ಭಾನುವಾರ

ಇವತ್ತು ಮಾತಾಡಿದಳು. ನಾದಿನಿ ಚಹಾ ತರಲು ಹೋದಾಗ ನನ್ನ ಕಡೆ ತಿರುಗಿ, "ಎಷ್ಟು ಮೀಟರ್?" ಅಂದಳು.

"ನಾನೂರ ಅರವತ್ತೆರಡು."

"ಜಾಸ್ತೀನೇ ಆಯ್ತಲ್ಲ" ಅಂದಳು. ಮತ್ತೆ ಕಣ್ಣು ಮುಚ್ಚಿದಳು.

ಏಪ್ರಿಲ್ 21, ಸೋಮವಾರ

ಮೈದಾನದಲ್ಲಿ ಮೊದಲ ದಿನ. ಮುಖ್ಯೋಪಾಧ್ಯಾಯಿನಿ ಪತ್ರ ಓದಿ ಕೈಕುಲುಕಿದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಎರಡನೇ ಸುತ್ತಿನಲ್ಲಿ ನಿಂತು, "ಸಾರ್, ಎದೆ ನೋವು" ಅಂದಳು. ಸೀಟಿ ಬಾಯಲ್ಲೇ ಇತ್ತು. ಎದೆ ನೋವು ಒಂಬತ್ತನೆಯದು. ಊದಲಿಲ್ಲ. ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ನೀರು ಕೊಟ್ಟು, ನಾಡಿ ನೋಡಿದೆ. ಹತ್ತೇ ನಿಮಿಷದಲ್ಲಿ ಮೂವತ್ತು ಮಕ್ಕಳಿಗೂ ಎದೆ ನೋವು. ಎಲ್ಲ ಹಲ್ಲು ಕಿರಿಯುತ್ತ ಸಾಲಾಗಿ ನೆರಳಲ್ಲಿ ಕೂತವು. ಒಂದೊಂದರ ನಾಡಿಯನ್ನೂ ನೋಡಿದೆ. ಗಂಟೆ ಹೊಡೆಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೇ 5, ಸೋಮವಾರ

ಈಗ ಹನ್ನೆರಡು ವಾರ ಅವಳಿಗೆ. ಅದೇ ಕಾರಿಡಾರು, ಅದೇ ಶಂಕು, ಅದೇ ಹುಡುಗಿ. ಈ ಸಲ ಬೆಂಚಿನಲ್ಲಿ ನಾನು. ತೊಂಬತ್ತು ಮೀಟರ್ ನಡೆದಳು. ಆರು ನಿಮಿಷದಲ್ಲಿ ನಾಲ್ಕು ಸಲ ನಿಂತಳು. ನನ್ನ ತುದಿಗೆ ಎರಡು ಸಲ ಬಂದಳು, ಎರಡು ಸಲವೂ ಶಂಕುವನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ನಾನು ಎದ್ದು ನಿಂತಿದ್ದೆ. ಹುಡುಗಿ "ಅಂಕಲ್, ಕೂತ್ಕೊಳ್ಳಿ" ಅಂದಳು.

ಹೋದ ವಾರ ಅವಳಿಗೂ ಪಟ್ಟಿ ಕಟ್ಟಿ ಕಳಿಸಿದ್ದರು. ಹುಡುಗಿ ಅದನ್ನು ಯಂತ್ರಕ್ಕೆ ಸಿಕ್ಕಿಸಿದಳು. ಪರದೆ ನೋಡುತ್ತ ಪೆನ್ನು ಕಚ್ಚಿದಳು. ಆಮೇಲೆ ಬೇರೇನನ್ನೋ ತೆರೆದಳು. ಮೇಲೆ ನನ್ನ ಹೆಸರಿತ್ತು. ನನ್ನ ಮೊದಲ ಆರು ವಾರ. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಒಂದೇ ಕಡೆ ತಪ್ಪುವ ನಾಡಿ, ಒಂದೇ ಥರ ಇಳಿಯದ ಗೆರೆ.

"ಆಂಟಿ, ಜನವರೀಲಿ ಈ ಪಟ್ಟಿ ಕಟ್ಕೊಂಡಿದ್ದು ಯಾರು?" ಅಂದಳು. ನನ್ನನ್ನು ಕೇಳಲಿಲ್ಲ. "ನಿಜ ಹೇಳಿ. ಫೆಬ್ರವರೀಲೇ ಇದು ನಮ್ಮ ಕಣ್ಣೆದುರಿಗಿತ್ತು."

ಅವಳು ನನ್ನ ಕಡೆ ತಿರುಗಿದಳು. ಮಾರ್ಚ್ 31ರ ನಂತರ ಮೊದಲ ಸಲ ನೆಟ್ಟಗೆ ನೋಡಿದ್ದು. ಫೆಬ್ರವರಿ ಅಂದಾಗ ಅವಳಿಗೆ ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ; ಎರಡು ಸುತ್ತು ಯಾಕೆ ಮೂರಾಯಿತು ಅನ್ನುವುದೂ ಸೇರಿ.

"ಅವರೇ" ಅಂದಳು. "ಒಂದು ದಿನವೂ ಬಿಚ್ಚಿಲ್ಲ."

ಹುಡುಗಿ ಪರದೆಯಲ್ಲಿ ನನ್ನ ಹೆಸರಿನ ಪುಟವನ್ನು ಮುಚ್ಚಿದಳು. ಆಟೋದಲ್ಲಿ ನಾನು ಅವಳ ಕೈ ಹಿಡಿಯಲು ಹೋದೆ. ಥ್ಯಾಂಕ್ಸ್ ಅಂತಲೋ ಕ್ಷಮಿಸು ಅಂತಲೋ ಏನೋ ಬಾಯಿಗೆ ಬಂದಿತ್ತು. ಕೈ ಎಳೆದುಕೊಂಡಳು.

"ನಿಮಗೋಸ್ಕರ ಹೇಳಿದ್ದಲ್ಲ. ಮೋಸ ಗೊತ್ತಾಗಿ ಕೆಲಸ ಹೋದ್ರೆ ಬೆಳಗ್ಗೆಯಿಂದ ಸಂಜೆ ತನಕ ಮನೇಲಿರ್ತೀರಿ. ನನ್ನ ಹೃದಯ ಅಷ್ಟು ತಡ್ಕೊಳ್ಳಲ್ಲ ಈಗ."

ಹಳೆಯ ನಾಲಿಗೆಯೇ. ಆದರೆ ಹೇಳಿದ ಮೇಲೆ ನಗಲಿಲ್ಲ.

ಮೇ 11, ಭಾನುವಾರ

ನಡೆಯಲು ತಂಗಿಯ ಜೊತೆ ಹೋಗುತ್ತಾಳೆ. ನಾನು ಬರಕೂಡದು. ಕಿಟಕಿಯಿಂದ ಟ್ಯಾಂಕಿನ ರಸ್ತೆ ಕಾಣುತ್ತದೆ. ನಾಲ್ಕನೇ ಕಂಬಕ್ಕೆ ನಿಂತಳು. ತಂಗಿಯೂ ನಿಂತಳು.

ಅಭ್ಯಾಸಬಲ, ಸ್ಟಾಪ್‌ವಾಚ್ ಒತ್ತಿದ್ದೆ. ಅವರು ಇನ್ನೂ ನಿಂತೇ ಇದ್ದರು. ಬಸ್ಸು ಬಂತು. ಇಬ್ಬರು ಹೆಂಗಸರು ಇಳಿದರು, ಒಬ್ಬಳ ಸೆರಗು ಬಾಗಿಲಿಗೆ ಸಿಕ್ಕಿತು, ಬಿಡಿಸಿಕೊಂಡಳು. ಬಸ್ಸು ಹೋಯಿತು. ಎದುರು ಮನೆಯವಳು ಬಕೆಟ್ ತಂದು ಎರಡು ಚಾದರ ಹಿಂಡಿ ಒಣಹಾಕಿದಳು. ಹಾಲಿನವನು ಸೈಕಲ್ ನಿಲ್ಲಿಸಿ ಅವರಿಬ್ಬರನ್ನೂ ಏನೋ ಕೇಳಿ ಮತ್ತೆ ಹೊರಟ. ಆಗ ಒತ್ತಿ ನಿಲ್ಲಿಸಿ ನೋಡಿದೆ. ಒಂದು ನಿಮಿಷ ನಲವತ್ತಮೂರು ಸೆಕೆಂಡ್ ಇನ್ನೂ ಆಗಿರಲಿಲ್ಲ. ಅವಳು ದವಡೆ ಹಿಡಿದು ಬಗ್ಗಿದ್ದನ್ನು ಕಂಡಾಗಿನಿಂದ ಆರು ನಿಮಿಷ ಮುಗಿಯುವವರೆಗೆ ನಾನು ನಡೆದದ್ದು ಅಷ್ಟು ಹೊತ್ತು. ನಡೆಯುತ್ತಿದ್ದಾಗ ಅದು ಇಷ್ಟು ಉದ್ದವಿರಲಿಲ್ಲ.

ತಂಗಿ ಕೆಳಗಿನಿಂದಲೇ ಅಂಗಡಿಗೆ ಹೋದಳು. ಅವಳು ಒಬ್ಬಳೇ ಮೆಟ್ಟಿಲು ಹತ್ತುವ ಸದ್ದು. ನಾನು ಬಾಗಿಲ ಹಿಂದೆ ನಿಂತು ಎಣಿಸಿದೆ. ಮೂವತ್ತೇಳಕ್ಕೆ ಸದ್ದು ನಿಂತಿತು. ಕೂತಳೋ ನಿಂತಳೋ ಗೊತ್ತಾಗಲಿಲ್ಲ. ಚಿಲಕಕ್ಕೆ ಕೈ ಹಾಕಿದೆ. ಹೋದರೆ ಬೈಯುತ್ತಾಳೆ. ಹೋಗದಿದ್ದರೆ? ಕೈಯಲ್ಲಿದ್ದ ಸ್ಟಾಪ್‌ವಾಚ್ ಯಾವಾಗ ಮತ್ತೆ ಒತ್ತಿದ್ದೆನೋ, ಓಡುತ್ತಿತ್ತು.

ಹೋಗಲೋ ಬೇಡವೋ ಅಂತ ನಾನು ಯೋಚಿಸುತ್ತಿರುವಾಗಲೇ ಮತ್ತೆ ಹೆಜ್ಜೆ ಸದ್ದು ಶುರುವಾಯಿತು. ಮೂವತ್ತೆಂಟು, ಮೂವತ್ತೊಂಬತ್ತು. ಈ ಸಲವೂ ನಾನು ಹೋಗಿರಲಿಲ್ಲ.